ಸ್ವಾಲ್ಬಾರ್ಡ್‌ಗೆ ವೀಸಾನೇ ಬೇಡ್ವಂತೆ, ನಿಜಾನಾ? ಅಲ್ಲಿ ಹೋಗಿ ಇರಬಹುದಾ?

ಕಿರಣ್_ದೊಡ್ಡಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಒಂದು ರೀಲ್ ತಲೆ ಕೊರೆಯುತ್ತಿದೆ. ಉತ್ತರ ಧ್ರುವದ ಹತ್ತಿರ ಸ್ವಾಲ್ಬಾರ್ಡ್ ಅಂತ ದ್ವೀಪಗಳಿವೆಯಂತೆ. ಯಾವ ದೇಶದವರಾದರೂ ವೀಸಾ ಇಲ್ಲದೆ ಹೋಗಿ ನೆಲೆಸಬಹುದಂತೆ. ಅಲ್ಲಿ ಸಾಯುವುದು ಕಾನೂನಿಗೆ ವಿರುದ್ಧವಂತೆ, ಮಕ್ಕಳು ಹುಟ್ಟುವ ಹಾಗೂ ಇಲ್ಲವಂತೆ. ಜನಕ್ಕಿಂತ ಹಿಮಕರಡಿಗಳೇ ಜಾಸ್ತಿಯಂತೆ. ನನ್ನದು ಮನೆಯಿಂದಲೇ ಮಾಡುವ ಸಾಫ್ಟ್‌ವೇರ್ ಕೆಲಸ. ನೆಟ್ ಇದ್ದರೆ ಸಾಕು. ಒಂದೆರಡು ವರ್ಷ ಅಲ್ಲಿದ್ದು ಬಂದರೆ ಹೇಗೆ? ನಗಬೇಡಿ, ಸೀರಿಯಸ್ಸಾಗಿಯೇ ಕೇಳುತ್ತಿದ್ದೇನೆ. ಇದರಲ್ಲಿ ಎಷ್ಟು ನಿಜ, ಎಷ್ಟು ಬುರುಡೆ?

ರಾಗಿಮುದ್ದೆ_ರಮೇಶ

ಡಿಸೆಂಬರ್ ಬಂದರೆ ಮಂಕಿ ಟೋಪಿ ಹುಡುಕುವ ಜನ ನಾವು. ಹೋಗಿ ಬನ್ನಿ ಗುರು, ಒಳ್ಳೇದಾಗಲಿ.

ಉತ್ತರದಿಕ್ಕು

ಕಿರಣ್, ನಾನು ನಾರ್ವೆಯ ಟ್ರೊಮ್ಸೊದಲ್ಲಿದ್ದೇನೆ. ಓದುವಾಗ ಸ್ವಾಲ್ಬಾರ್ಡ್‌ನ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಒಂದು ಸೆಮಿಸ್ಟರ್ ಇದ್ದೆ. ಆಮೇಲೆ ಬೇಸಿಗೆಯಲ್ಲಿ ಅಲ್ಲೇ ಗೈಡ್ ಕೆಲಸವನ್ನೂ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಜಾಗ ಎಲ್ಲಿದೆ ಅಂತ. ನಾರ್ವೆಗೂ ಉತ್ತರ ಧ್ರುವಕ್ಕೂ ಹೆಚ್ಚುಕಡಿಮೆ ಮಧ್ಯದಲ್ಲಿ, 74ರಿಂದ 81 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ. ಸ್ಪಿಟ್ಸ್‌ಬರ್ಗೆನ್ ಎಲ್ಲಕ್ಕಿಂತ ದೊಡ್ಡ ದ್ವೀಪ. ಜನ ಇರುವುದು ಹೆಚ್ಚುಕಡಿಮೆ ಅಲ್ಲೇ. ದ್ವೀಪಸಮೂಹದ ಅರ್ಧಕ್ಕಿಂತ ಹೆಚ್ಚು ಭಾಗ ಹಿಮನದಿಗಳ ಕೆಳಗಿದೆ. ಮುಖ್ಯ ಊರು ಲಾಂಗ್‌ಇಯರ್‌ಬೀನ್, ಸುಮಾರು 2,500 ಜನ. ಅದು ಬಿಟ್ಟರೆ ರಷ್ಯನ್ನರ ಬ್ಯಾರೆಂಟ್ಸ್‌ಬರ್ಗ್, ವಿಜ್ಞಾನಿಗಳ ನಿ-ಓಲೆಸುಂಡ್, ಇನ್ನೊಂದೆರಡು ಸಣ್ಣ ಠಾಣೆಗಳು. ಒಂದು ಊರಿಂದ ಇನ್ನೊಂದಕ್ಕೆ ರಸ್ತೆಯೇ ಇಲ್ಲ. ಚಳಿಗಾಲದಲ್ಲಿ ಸ್ನೋಮೊಬೈಲ್, ಬೇಸಿಗೆಯಲ್ಲಿ ದೋಣಿ.

ವೀಸಾ ವಿಷಯ ನಿಜ. ನಾರ್ವೆಯ ವಲಸೆ ಕಾನೂನು ಅಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ವಿಮಾನ ಹೋಗುವುದು ಓಸ್ಲೋ ಅಥವಾ ಟ್ರೊಮ್ಸೊ ಮೂಲಕ. ಅಲ್ಲಿ ಇಳಿಯಬೇಕಾದರೆ ನಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ ಬೇಕು, ಅಂದರೆ ಯೂರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೆ ಕೊಡುವ ವೀಸಾ. ಸ್ವಾಲ್ಬಾರ್ಡ್‌ಗೆ ಹೊರಟರೆ ಷೆಂಗೆನ್‌ನಿಂದ ಹೊರಗೆ ಹೋದ ಲೆಕ್ಕ, ವಾಪಸ್ ಬಂದರೆ ಮತ್ತೆ ಒಳಗೆ ಬಂದ ಲೆಕ್ಕ. ಅಂದರೆ ಎರಡು ಸಲ ಪ್ರವೇಶಿಸುವ ವೀಸಾ ತೆಗೆದುಕೊಳ್ಳಬೇಕು. ರೀಲ್ ಮಾಡುವವರು ಇದನ್ನು ಯಾಕೋ ಹೇಳುವುದೇ ಇಲ್ಲ!

ಇನ್ನು ನೆಲೆಸುವುದು. ಬರಬೇಡಿ ಅಂತ ಯಾರೂ ಹೇಳುವುದಿಲ್ಲ. ಇರಿ ಅಂತಲೂ ಯಾರೂ ಹೇಳುವುದಿಲ್ಲ. ನಿಮ್ಮ ಖರ್ಚು ನೀವೇ ನೋಡಿಕೊಳ್ಳಬೇಕು. ಕೈಯಲ್ಲಿ ದುಡ್ಡಿಲ್ಲ, ಇರಲು ಮನೆ ಇಲ್ಲ ಅಂತಾದರೆ ಗವರ್ನರ್ ಕಚೇರಿಯವರು ವಾಪಸ್ ಕಳಿಸಬಹುದು. ಮನೆಗಳು ಬಹುಪಾಲು ಕಂಪನಿಗಳ, ಸರ್ಕಾರದ ಕೈಯಲ್ಲಿವೆ. ಕೆಲಸ ಕೊಟ್ಟವರು ಮನೆ ಕೊಡುತ್ತಾರೆ, ಕೆಲಸ ಹೋದರೆ ಮನೆಯೂ ಹೋಯಿತು. ನಿರುದ್ಯೋಗ ಭತ್ಯೆ ಇಲ್ಲ, ವೃದ್ಧಾಶ್ರಮ ಇಲ್ಲ, ಇರುವುದು ಸಣ್ಣ ಆಸ್ಪತ್ರೆ. ಅಲ್ಲಿ ಎಷ್ಟು ವರ್ಷ ಇದ್ದರೂ ಅದು ನಾರ್ವೆಯ ಪೌರತ್ವಕ್ಕೆ ಲೆಕ್ಕಕ್ಕೆ ಬರುವುದಿಲ್ಲ. 2022ರ ನಂತರ ಇನ್ನೊಂದು ಸೇರಿಕೊಂಡಿದೆ. ನಾರ್ವೆಯ ಮುಖ್ಯ ಭೂಭಾಗದಲ್ಲಿ 3 ವರ್ಷ ವಾಸ ಮಾಡಿರದ ವಿದೇಶಿಯರಿಗೆ ಊರಿನ ಚುನಾವಣೆಯಲ್ಲಿ ಮತವೂ ಇಲ್ಲ. ಹತ್ತಾರು ವರ್ಷ ಅಲ್ಲೇ ಇದ್ದ ಥಾಯ್ಲೆಂಡ್, ಫಿಲಿಪ್ಪೀನ್ಸ್ ಕಡೆಯವರಿಗೆ ಇದರಿಂದ ತುಂಬಾ ಬೇಜಾರಾಗಿದೆ.

ನೆಟ್ ಮಾತ್ರ ಸೂಪರ್. ಊರಿನ ಮೇಲಿನ ಗುಡ್ಡದಲ್ಲಿ ಉಪಗ್ರಹಗಳ ಜೊತೆ ಮಾತಾಡುವ ದೊಡ್ಡ ಕೇಂದ್ರವಿದೆ. ಧ್ರುವಗಳ ಮೇಲೆ ಸುತ್ತುವ ಉಪಗ್ರಹ ಪ್ರತಿ ಸುತ್ತಿಗೂ ಅಲ್ಲಿಗೆ ಕಾಣಿಸುತ್ತದೆ. ಅದರ ಡೇಟಾ ಸಾಗಿಸಲು 2003ರಲ್ಲೇ ಸಮುದ್ರದಡಿ ಎರಡು ಫೈಬರ್ ಕೇಬಲ್ ಹಾಕಿದರು. 2022ರ ಜನವರಿಯಲ್ಲಿ ಒಂದು ಕೆಟ್ಟು ಎಲ್ಲರಿಗೂ ದಿಗಿಲಾಗಿತ್ತು. ಇನ್ನೊಂದು ಇದ್ದಿದ್ದಕ್ಕೆ ಬಚಾವ್.

ಮೇಷ್ಟ್ರು_ತುಮಕೂರು

ಒಳ್ಳೆಯ ವಿವರಣೆ ತಾಯಿ. ಈ ವಿಚಿತ್ರ ವ್ಯವಸ್ಥೆಯ ಮೂಲ 1920ರ ಒಪ್ಪಂದದಲ್ಲಿದೆ. ಅಲ್ಲಿ ಮೂಲನಿವಾಸಿಗಳು ಅಂತ ಯಾರೂ ಇರಲಿಲ್ಲ. 1596ರಲ್ಲಿ ಡಚ್ಚರ ವಿಲೆಮ್ ಬ್ಯಾರೆಂಟ್ಸ್ ಕಂಡ. ಮುಂದಿನ ಶತಮಾನದಲ್ಲಿ ತಿಮಿಂಗಿಲದ ಎಣ್ಣೆಗಾಗಿ ಯೂರೋಪಿನವರೆಲ್ಲ ಮುಗಿಬಿದ್ದರು. ಬೋಹೆಡ್ ಎಂಬ ದೈತ್ಯ ತಿಮಿಂಗಿಲ ಆ ಕಡಲಲ್ಲಿ ಹೆಚ್ಚುಕಡಿಮೆ ನಿರ್ನಾಮವೇ ಆಯಿತು. ಆಮೇಲೆ ರಷ್ಯಾದ, ನಾರ್ವೆಯ ಬೇಟೆಗಾರರು. ಆಮೇಲೆ ಕಲ್ಲಿದ್ದಲು. ಎಲ್ಲರೂ ಬಂದು ದೋಚಿದರು, ಯಾರ ನೆಲವೂ ಅಲ್ಲ. ಜಗಳ ಶುರುವಾದ ಮೇಲೆ ಪ್ಯಾರಿಸ್‌ನಲ್ಲಿ ಕೂತು ತೀರ್ಮಾನ ಮಾಡಿದರು: ಒಡೆತನ ನಾರ್ವೆಯದು. ಆದರೆ ಸಹಿ ಮಾಡಿದ ದೇಶಗಳ ಪ್ರಜೆಗಳಿಗೆಲ್ಲ ಅಲ್ಲಿ ಮೀನು ಹಿಡಿಯಲು, ಗಣಿ ಮಾಡಲು, ವ್ಯಾಪಾರ ಮಾಡಲು ಸಮಾನ ಹಕ್ಕು. ಅಲ್ಲಿ ಎತ್ತಿದ ತೆರಿಗೆಯನ್ನು ಅಲ್ಲಿಗೇ ಖರ್ಚು ಮಾಡಬೇಕು. ಅದಕ್ಕೇ ತೆರಿಗೆ ಕಡಿಮೆ. ಯುದ್ಧದ ಉದ್ದೇಶಕ್ಕೆ ಬಳಸುವ ಹಾಗಿಲ್ಲ.

ಆ ಒಪ್ಪಂದದ ಮೂಲ ಸಹಿಗಳಲ್ಲಿ ಭಾರತದ ಹೆಸರೂ ಇದೆ. ಬ್ರಿಟಿಷರ ಆಳ್ವಿಕೆಯಲ್ಲಿದ್ದಾಗಲೇ ಸೇರಿಸಿದ್ದು. 1925ರಿಂದ ಜಾರಿಯಲ್ಲಿದೆ.

ರಾಗಿಮುದ್ದೆ_ರಮೇಶ

ಅಂದರೆ ನಮ್ಮ ತಾತನ ಕಾಲದಿಂದ ಅಲ್ಲಿ ಮೀನು ಹಿಡಿಯುವ ಹಕ್ಕಿದೆ, ನಮಗೇ ಗೊತ್ತಿಲ್ಲ ಅಂತಾಯ್ತು.

ಗಣಿ_ಬಸವರಾಜ

ಕಲ್ಲಿದ್ದಲು ಅಂದ ಕೂಡಲೇ ಕಿವಿ ನೆಟ್ಟಗಾಯಿತು. ಇಡೀ ಜನ್ಮ ಗಣಿ ಇಂಜಿನಿಯರ್ ಆಗಿ ಕಳೆದವನು ನಾನು. ಮರ ಒಂದೂ ಇಲ್ಲದ ಜಾಗದಲ್ಲಿ ಕಲ್ಲಿದ್ದಲು ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲವಲ್ಲ! ಸುಮಾರು 6 ಕೋಟಿ ವರ್ಷಗಳ ಹಿಂದೆ ಭೂಮಿಯೇ ಬೆಚ್ಚಗಿತ್ತು. ಅಲ್ಲಿ ಜೌಗಿನ ಕಾಡುಗಳಿದ್ದವು, ಅದೇ ಇವತ್ತಿನ ಕಲ್ಲಿದ್ದಲು. ಅದಕ್ಕೂ ಹಿಂದೆ ಆ ತುಂಡು ನೆಲ ಭೂಮಧ್ಯರೇಖೆಯ ಸುತ್ತಮುತ್ತ ಇತ್ತು. ಕೋಟಿಗಟ್ಟಲೆ ವರ್ಷಗಳಲ್ಲಿ ನಿಧಾನಕ್ಕೆ ಉತ್ತರಕ್ಕೆ ಸರಿದಿದೆ. ಡೈನೋಸಾರ್ ಹೆಜ್ಜೆ ಗುರುತೂ ಸಿಕ್ಕಿದೆ. ಮರಗಿಡ ಮುಚ್ಚಿರದ ಕಾರಣ ಬಂಡೆಯ ಪದರಗಳು ತೆರೆದ ಪುಸ್ತಕ. ಭೂವಿಜ್ಞಾನಿಗಳಿಗೆ ಅದು ತೀರ್ಥಕ್ಷೇತ್ರ.

ಲಾಂಗ್‌ಇಯರ್ ಅಂದರೆ ಅಮೆರಿಕದ ಒಬ್ಬ ಗಣಿ ಉದ್ಯಮಿ. 1906ರಲ್ಲಿ ಅಲ್ಲಿ ಗಣಿ ಶುರು ಮಾಡಿದ. 1916ರಲ್ಲಿ ನಾರ್ವೆಯ ಸ್ಟೋರ್ ನೋಶ್ಕೆ ಕಂಪನಿ ಕೊಂಡುಕೊಂಡಿತು. ಬೆಟ್ಟದ ಮೇಲಿನ ಗಣಿಯಿಂದ ಬಂದರಿಗೆ ತೊಟ್ಟಿಗಳಲ್ಲಿ ಕಲ್ಲಿದ್ದಲು ಇಳಿಸುತ್ತಿದ್ದ ರೋಪ್‌ವೇಯ ಮರದ ಕಂಬಗಳು ಈಗಲೂ ಊರ ತುಂಬಾ ನಿಂತಿವೆ. ಪಿರಮಿಡೆನ್ ಅಂತ ಸೋವಿಯತ್ ಊರೊಂದಿತ್ತು. ಲೆನಿನ್ ಪ್ರತಿಮೆ, ಈಜುಕೊಳ, ಸಂಗೀತದ ಹಾಲ್ ಎಲ್ಲ ಇತ್ತು. 1998ರಲ್ಲಿ ಗಣಿ ನಿಲ್ಲಿಸಿ ಹಾಗೇ ಬಿಟ್ಟು ಹೋದರು. ನಿ-ಓಲೆಸುಂಡ್ ಕೂಡ ಗಣಿ ಊರೇ. 1962ರ ಅಪಘಾತದಲ್ಲಿ 21 ಜನ ಸತ್ತರು. ಆ ಅಪಘಾತ ನಾರ್ವೆ ಸರ್ಕಾರವನ್ನೇ ಅಲ್ಲಾಡಿಸಿತು. ಮರುವರ್ಷ ಗಣಿ ಮುಚ್ಚಿದರು.

ನಾರ್ವೆಯ ಕಡೆಯ ಗಣಿ, 7ನೇ ನಂಬರಿನದು, 2025ರಲ್ಲಿ ಬಂದ್ ಆಯಿತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರ 2023ರಲ್ಲೇ ನಿಂತು, ಈಗ ಡೀಸೆಲ್‌ನಲ್ಲಿ ಊರು ನಡೆಯುತ್ತಿದೆ. ಪರಿಸರಕ್ಕೆ ಒಳ್ಳೇದು ಅಂತಾರೆ. ಕಾಲ ಕೆಳಗಿನ ಕಲ್ಲಿದ್ದಲು ಬಿಟ್ಟು ಹಡಗಿನಲ್ಲಿ ಡೀಸೆಲ್ ತರಿಸುವುದು ಯಾವ ಲೆಕ್ಕದ ಪರಿಸರವೋ ನನಗಂತೂ ಅರ್ಥವಾಗಿಲ್ಲ.

ಉತ್ತರದಿಕ್ಕು

ಬಸವರಾಜ್ ಸರ್, ಈ ವಾದ ಅಲ್ಲೂ ದಿನಾ ನಡೆಯುತ್ತದೆ. ಗಣಿಯವರ ಒಂದು ಪದ್ಧತಿ ಮಾತ್ರ ಉಳಿದಿದೆ. ಕಲ್ಲಿದ್ದಲಿನ ಕಪ್ಪು ಪುಡಿ ಒಳಗೆ ಬರದಿರಲಿ ಅಂತ ಬಾಗಿಲಲ್ಲೇ ಶೂ ಬಿಡುತ್ತಿದ್ದರು. ಈಗ ಹೋಟೆಲ್, ಮ್ಯೂಸಿಯಂ ಎಲ್ಲ ಕಡೆ ಶೂ ಬಿಚ್ಚಿಯೇ ಒಳಗೆ ಹೋಗಬೇಕು. ನಮಗೇನು, ಅಭ್ಯಾಸವೇ.

ಸುಮನಾ_ಎಚ್

ಚಳಿ ಎಷ್ಟಿರುತ್ತೆ ಅಕ್ಕ? ಮೈನಸ್ 50?

ಉತ್ತರದಿಕ್ಕು

ಇಲ್ಲ ಸುಮನಾ. ವಿಮಾನ ನಿಲ್ದಾಣದಲ್ಲಿ ದಾಖಲಾದ ಅತಿ ಕಡಿಮೆ ಮೈನಸ್ 46.3, ಅದು 1986ರ ಮಾರ್ಚ್‌ನಲ್ಲಿ. ಈಗ ಚಳಿಗಾಲದಲ್ಲಿ ಮೈನಸ್ 10ರಿಂದ 20 ಮಾಮೂಲು. ಅದೇ ಅಕ್ಷಾಂಶದ ಕೆನಡಾ, ಗ್ರೀನ್‌ಲ್ಯಾಂಡ್ ಇದಕ್ಕಿಂತ ಬಹಳ ಚಳಿ. ಕಾರಣ ಅಟ್ಲಾಂಟಿಕ್‌ನಿಂದ ಬರುವ ಬೆಚ್ಚಗಿನ ನೀರು. ಅದು ಪಶ್ಚಿಮ ತೀರಕ್ಕೆ ತಾಗಿಕೊಂಡೇ ಮೇಲಕ್ಕೆ ಹರಿಯುತ್ತದೆ. ಹಾಗಾಗಿ ಪಶ್ಚಿಮದಲ್ಲಿ ಊರುಗಳು, ಪೂರ್ವದಲ್ಲಿ ಹಿಮ ಮತ್ತು ಕರಡಿ. ಮಳೆ, ಹಿಮ ಎಲ್ಲ ಸೇರಿದರೂ ವರ್ಷಕ್ಕೆ ಸುಮಾರು 200 ಮಿಲಿಮೀಟರ್. ನಮ್ಮ ಚಳ್ಳಕೆರೆಗಿಂತ ಒಣ ಜಾಗ ಅದು.

ಚಳಿಗಿಂತ ಕತ್ತಲೆ ಕಷ್ಟ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಏಳುವುದು ಫೆಬ್ರವರಿ ಮಧ್ಯದಲ್ಲಿ. ಊರು ಕಣಿವೆಯೊಳಗಿದೆ, ಹಾಗಾಗಿ ಬಿಸಿಲು ಊರಿಗೆ ಬೀಳಲು ಮಾರ್ಚ್ 8 ಆಗುತ್ತದೆ. ಹಳೆಯ ಆಸ್ಪತ್ರೆಯ ಮೆಟ್ಟಿಲು ಈಗಲೂ ಇದೆ. ಆ ದಿನ ಊರವರೆಲ್ಲ ಅಲ್ಲಿ ಸೇರಿ, ಮಕ್ಕಳು ಮುಖಕ್ಕೆ ಹಳದಿ ಬಣ್ಣ ಬಳಿದುಕೊಂಡು, ಸೂರ್ಯನನ್ನು ಕೂಗಿ ಕರೆಯುತ್ತಾರೆ. ಮೋಡ ಇದ್ದರೂ ಕೂಗುತ್ತಾರೆ! ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಕೊನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಕತ್ತಲೆಯಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಬೆಳಕಿನಲ್ಲೇ ತಲೆ ಕೆಟ್ಟಿದ್ದು.

ಕಿರಣ್_ದೊಡ್ಡಬಳ್ಳಾಪುರ

ಕರಡಿ ಬಗ್ಗೆ ಹೇಳಿ. ಎಲ್ಲರೂ ಬಂದೂಕು ಹಿಡಿದೇ ಓಡಾಡಬೇಕಂತೆ?

ಹಕ್ಕಿನೋಟ

ಕರಡಿ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. 3,000 ಅಂತ ಹೇಳುವುದು ಇಡೀ ಬ್ಯಾರೆಂಟ್ಸ್ ಸಮುದ್ರದ ಲೆಕ್ಕ, ರಷ್ಯಾದ ದ್ವೀಪಗಳೂ ಸೇರಿ. ಸ್ವಾಲ್ಬಾರ್ಡ್‌ನಲ್ಲೇ ವರ್ಷವಿಡೀ ಇರುವವು ಸುಮಾರು 300. ಉಳಿದವು ಸಮುದ್ರದ ಮಂಜುಗಡ್ಡೆಯ ಜೊತೆ ಬರುತ್ತವೆ, ಹೋಗುತ್ತವೆ. ಅಂದರೆ ಜನರೇ ಜಾಸ್ತಿ. 1973ರಿಂದ ಬೇಟೆ ನಿಷೇಧ.

ಉತ್ತರದಿಕ್ಕು

ಹೌದು. ಬಂದೂಕಿನ ವಿಷಯ: ಊರೊಳಗೆ ಬೇಕಿಲ್ಲ. ಊರಿನ ಅಂಚಿನಲ್ಲಿ ಹಿಮಕರಡಿ ಚಿತ್ರದ ಎಚ್ಚರಿಕೆ ಫಲಕ ಇದೆ. ಅದು ದಾಟಿದರೆ ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇರಲೇಬೇಕು, ಅಂದರೆ ಫ್ಲೇರ್ ಪಿಸ್ತೂಲು ಥರದ್ದು. ಬಂದೂಕನ್ನೂ ಒಯ್ಯಿ ಅಂತ ಸಲಹೆ ಕೊಡುತ್ತಾರೆ. ಆದರೆ ಗುಂಡು ಹೊಡೆಯುವುದು ಪ್ರಾಣಕ್ಕೆ ಬಂದಾಗ ಮಾತ್ರ. ಪ್ರತಿ ಸಾವಿಗೂ ತನಿಖೆ ನಡೆಯುತ್ತದೆ, ತಪ್ಪು ನಿಮ್ಮದಾದರೆ ಶಿಕ್ಷೆ. 2025ರಿಂದ ಕರಡಿಯಿಂದ 300 ಮೀಟರ್ ದೂರ ಇರಲೇಬೇಕು, ಮಾರ್ಚ್‌ನಿಂದ ಜೂನ್‌ವರೆಗೆ 500 ಮೀಟರ್. ಫೋಟೋಗ್ರಾಫರ್‌ಗಳು ಬೈದುಕೊಂಡು ತಿರುಗುತ್ತಾರೆ.

ಹಗುರವಾಗಿ ತಗೊಳ್ಳುವ ವಿಷಯ ಅಲ್ಲ ಕಿರಣ್. 2020ರ ಆಗಸ್ಟ್‌ನಲ್ಲಿ ವಿಮಾನ ನಿಲ್ದಾಣದ ಪಕ್ಕದ ಟೆಂಟ್ ಜಾಗದಲ್ಲೇ ಒಬ್ಬರನ್ನು ಕರಡಿ ಕೊಂದಿತು. ಗೈಡ್ ಕೆಲಸದಲ್ಲಿ ನನ್ನ ಮುಕ್ಕಾಲು ಗಮನ ಜನರ ಮೇಲಲ್ಲ, ಸುತ್ತಲಿನ ಬೆಟ್ಟದ ಮೇಲೆ ಇರುತ್ತಿತ್ತು. ಮಂಜು ಕವಿದರೆ ಕಥೆ ಮುಗಿಯಿತು, ತಿರುಗಿ ಹೊರಡುವುದೇ.

ಹಕ್ಕಿನೋಟ

ಎಲ್ಲರೂ ಕರಡಿ ಕರಡಿ ಅಂತಾರೆ. ನನಗೆ ಅಲ್ಲಿ ಆಸಕ್ತಿ ಇರುವುದು ಹಕ್ಕಿ ಮತ್ತು ಸಾರಂಗ.

ಬೇಸಿಗೆಯಲ್ಲಿ ಲಕ್ಷಗಟ್ಟಲೆ ಕಡಲ ಹಕ್ಕಿಗಳು ಬಂಡೆಗಳಲ್ಲಿ ಮರಿ ಮಾಡುತ್ತವೆ. ಲಿಟಲ್ ಆಕ್ ಅಂತ ಮುಷ್ಟಿಗಾತ್ರದ ಕಪ್ಪು ಬಿಳುಪು ಹಕ್ಕಿ ಇದೆ. ಸಮುದ್ರದಲ್ಲಿ ಅಕ್ಕಿ ಕಾಳಿನಷ್ಟು ಜೀವಿಗಳನ್ನು ತಿಂದು, ಬೆಟ್ಟದ ಮೇಲೆ ಹಿಕ್ಕೆ ಹಾಕುತ್ತದೆ. ಆ ಹಿಕ್ಕೆಯೇ ಗೊಬ್ಬರ. ಬೋಳು ನೆಲದಲ್ಲಿ ಹಕ್ಕಿ ಬಂಡೆಗಳ ಕೆಳಗೆ ಮಾತ್ರ ದಟ್ಟ ಹಸಿರು ಪಾಚಿ, ಹುಲ್ಲು. ಅದನ್ನು ಬಾತು, ಸಾರಂಗ ಮೇಯುತ್ತವೆ. ಬಿದ್ದ ಮರಿಗಳನ್ನು ನರಿ ಹೆಕ್ಕುತ್ತದೆ. ಇಡೀ ಬೆಟ್ಟದ ಜೀವ ನಡೆಯುವುದು ಸಮುದ್ರದ ಊಟದಿಂದ. ಈಗ ಬೆಚ್ಚಗಿನ ಅಟ್ಲಾಂಟಿಕ್ ನೀರಿನ ಜೊತೆ ಬೇರೆ ಜಾತಿಯ ಜೀವಿಗಳು ಬರುತ್ತಿವೆ. ಸಣ್ಣವು, ಕೊಬ್ಬು ಕಡಿಮೆ. ಹಕ್ಕಿ ಅಷ್ಟೇ ಹೊಟ್ಟೆ ತುಂಬಿಸಲು ಜಾಸ್ತಿ ದೂರ ಹಾರಬೇಕು.

ಅಲ್ಲಿನ ಹಿಮಸಾರಂಗ ಬೇರೆಲ್ಲಿಯೂ ಇಲ್ಲ. ಗಿಡ್ಡ ಕಾಲು, ದುಂಡು ಮೈ, ದಪ್ಪ ತುಪ್ಪಳ. ಬೇಟೆಯಿಂದ ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. 1925ರಲ್ಲಿ ರಕ್ಷಣೆ ಸಿಕ್ಕಿತು, ಈಗ 20 ಸಾವಿರ ದಾಟಿವೆ. ಅದನ್ನು ಅಟ್ಟಿ ಹಿಡಿಯಲು ತೋಳಗಳಿಲ್ಲ. ಶತ್ರು ಅಂದರೆ ಚಳಿಗಾಲದ ಮಳೆ. ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿದರೆ ಹುಲ್ಲಿನ ಮೇಲೆ ಗಾಜಿನಂಥ ಪದರ. ಗೊರಸಿನಿಂದ ಕೆರೆದರೂ ಒಡೆಯುವುದಿಲ್ಲ. ಹಸಿವಿನಿಂದ ಸಾಯುತ್ತವೆ. ಹಿಂದೆ ಇಂಥ ಮಳೆ ಅಪರೂಪ, ಈಗ ಪದೇಪದೇ ಬರುತ್ತಿದೆ.

ಸುಮನಾ_ಎಚ್

ಬೆಕ್ಕು ಸಾಕುವ ಹಾಗಿಲ್ಲ ಅಂತ ಕೇಳಿದ್ದೆ. ಇದೂ ಬುರುಡೆಯಾ?

ಹಕ್ಕಿನೋಟ

ಅಲ್ಲ, ನಿಜ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗಾಗಿ ಬೆಕ್ಕಿಗೆ ನಿಷೇಧ. ಇಲಿ ಜಾತಿಯ ಒಂದು ಪ್ರಾಣಿ ಮಾತ್ರ ಹೊರಗಿನಿಂದ ಬಂದು ಸೇರಿಕೊಂಡಿದೆ. ರಷ್ಯನ್ ಗಣಿಗಳಿಗೆ ತಂದ ಮೇವಿನ ಜೊತೆ ಬಂತು ಅನ್ನುತ್ತಾರೆ. ಅದರ ಮೂಲಕ ನರಿಗಳಿಗೆ ಅಪಾಯಕಾರಿ ಲಾಡಿಹುಳು ಅಂಟಿದೆ. ಹಾಗಾಗಿ ಆ ಭಾಗದಲ್ಲಿ ತೊರೆಯ ನೀರನ್ನು ಹಾಗೇ ಕುಡಿಯುವುದು ಒಳ್ಳೆಯದಲ್ಲ.

ರೇಡಿಯೋ_ಪ್ರಿಯ

ನಮ್ಮವರು ಅಲ್ಲಿದ್ದಾರೆ ಅಂತ ಯಾರೂ ಹೇಳಲಿಲ್ಲ! ನಿ-ಓಲೆಸುಂಡ್‌ನಲ್ಲಿ 2008ರಿಂದ ಭಾರತದ ‘ಹಿಮಾದ್ರಿ’ ಕೇಂದ್ರ ಇದೆ. ಧ್ರುವಕ್ಕೆ ಅಲ್ಲಿಂದ ಸುಮಾರು 1,200 ಕಿಲೋಮೀಟರ್. ನಡೆಸುವುದು ಗೋವಾದ ಧ್ರುವ ಸಂಶೋಧನಾ ಕೇಂದ್ರ. ಪಕ್ಕದ ಕಾಂಗ್ಸ್‌ಫ್ಯೋರ್ಡೆನ್ ಎಂಬ ಕಡಲ ಚಾಚಿನಲ್ಲಿ 2014ರಲ್ಲಿ ‘ಇಂಡ್‌ಆರ್ಕ್’ ಅಂತ ಉಪಕರಣಗಳ ಸಾಲನ್ನು ನೀರೊಳಗೆ ಇಳಿಸಿದರು. ನೀರಿನ ಉಷ್ಣತೆ, ಉಪ್ಪಿನಂಶ ಎಲ್ಲ ಅಳೆಯುತ್ತದೆ. ಉತ್ತರದಿಕ್ಕು ಹೇಳಿದ ಆ ಬೆಚ್ಚಗಿನ ನೀರು ಎಷ್ಟು ಒಳಗೆ ಬರುತ್ತಿದೆ ಅನ್ನುವುದು ಇದರಿಂದಲೂ ತಿಳಿಯುತ್ತದೆ. ಅಲ್ಲಿನ ಮಂಜುಗಡ್ಡೆ ಕರಗುವುದಕ್ಕೂ ನಮ್ಮ ಮುಂಗಾರಿಗೂ ಏನು ನಂಟು ಅಂತಲೂ ನಮ್ಮ ವಿಜ್ಞಾನಿಗಳು ಹುಡುಕುತ್ತಿದ್ದಾರೆ.

ನನಗೆ ಖುಷಿ ಕೊಟ್ಟಿದ್ದು ಇನ್ನೊಂದು. ಆ ಊರಿನಲ್ಲಿ ವೈಫೈ, ಬ್ಲೂಟೂತ್ ಎರಡೂ ಬಂದ್. ಬಾಹ್ಯಾಕಾಶದ ದೂರದ ಮೂಲಗಳಿಂದ ಬರುವ ಕ್ಷೀಣ ರೇಡಿಯೋ ಅಲೆ ಹಿಡಿಯುವ ದೊಡ್ಡ ಆಂಟೆನಾಗಳಿವೆ, ಅವಕ್ಕೆ ಗದ್ದಲ ಆಗಬಾರದು ಅಂತ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹೋಯಿತಲ್ಲ, ಅದರಲ್ಲಿ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಇತ್ತು. ಆ ಜಾಗ ರೇಡಿಯೋ ಖಗೋಳಕ್ಕೆ ಎಷ್ಟು ನಿಶ್ಶಬ್ದ ಅಂತ ಅಳೆಯಲು. ಇದೇ ಸಂಸ್ಥೆ ವಿಶ್ವದ ಮೊದಲ ನಕ್ಷತ್ರಗಳ ಕಾಲದ ಸಂಕೇತ ಹುಡುಕಲು ‘ಸರಸ್’ ದೂರದರ್ಶಕವನ್ನು ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟಿತ್ತು. ಶರಾವತಿಯಿಂದ ಸೀದಾ ಆರ್ಕ್ಟಿಕ್!

ಉತ್ತರದಿಕ್ಕು

ಹಿಮಾದ್ರಿ ನೋಡಿದ್ದೇನೆ, ಹೊರಗಿನಿಂದ. ಕೆಂಪು ಮರದ ಮನೆ ಥರ ಇದೆ. ಅಲ್ಲಿ ಯಾರೂ ಬಾಗಿಲಿಗೆ ಬೀಗ ಹಾಕುವುದಿಲ್ಲ. ಕರಡಿ ಬಂದರೆ ಯಾರ ಮನೆಗೆ ಬೇಕಾದರೂ ನುಗ್ಗಬೇಕಲ್ಲ.

ಮೇಷ್ಟ್ರು_ತುಮಕೂರು

ಜಗತ್ತಿನ ಬೆಳೆಗಳ ಬೀಜ ಕಾಪಾಡಿಡುವ ಉಗ್ರಾಣದ ಬಗ್ಗೆಯೂ ಒಂದು ಮಾತು. 2008ರಲ್ಲಿ ಲಾಂಗ್‌ಇಯರ್‌ಬೀನ್ ಪಕ್ಕದ ಬೆಟ್ಟದೊಳಗೆ ಕೊರೆದು ಮಾಡಿದ್ದು. ಮೈನಸ್ 18 ಡಿಗ್ರಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿವೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಕೂಡ ಅಲ್ಲಿವೆ. ಇದು ಪ್ರಳಯಕ್ಕೆ ಅಂತ ಮಾಡಿದ್ದು ಅನ್ನುತ್ತಾರೆ. ಆದರೆ ಪ್ರಳಯಕ್ಕೆ ಕಾಯಬೇಕಾಗಲೇ ಇಲ್ಲ. ಸಿರಿಯಾದ ಯುದ್ಧದಲ್ಲಿ ಅಲೆಪ್ಪೊ ಬಳಿಯ ಇನ್ನೊಂದು ಸಂಶೋಧನಾ ಸಂಸ್ಥೆಯ ಬೀಜ ಸಂಗ್ರಹ ಕೈತಪ್ಪಿತು. 2015ರಲ್ಲಿ ಆ ಸಂಸ್ಥೆ ತಾನಿಟ್ಟ ಬೀಜವನ್ನು ಇಲ್ಲಿಂದ ವಾಪಸ್ ತಗೊಂಡು, ಲೆಬನಾನ್ ಮತ್ತು ಮೊರಾಕೊದಲ್ಲಿ ಬೆಳೆದು, 2017ರಲ್ಲಿ ಮತ್ತೆ ತಂದಿಟ್ಟಿತು. ನಾನು ಪಾಠ ಮಾಡುವಾಗ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವ ಕಥೆ ಇದು.

ಗಣಿ_ಬಸವರಾಜ

ಸದಾ ಹೆಪ್ಪುಗಟ್ಟಿದ ನೆಲ ಅಂತ ನಂಬಿ ಕಟ್ಟಿದರು. 2016ರಲ್ಲಿ ಸುರಂಗದ ಬಾಯಿಗೇ ನೀರು ನುಗ್ಗಿತ್ತಲ್ಲ ಮೇಷ್ಟ್ರೇ.

ಮೇಷ್ಟ್ರು_ತುಮಕೂರು

ನುಗ್ಗಿತ್ತು. ಬೀಜದ ಕೋಣೆವರೆಗೆ ಹೋಗಲಿಲ್ಲ. ಆಮೇಲೆ ಸುರಂಗವನ್ನು ಹೊಸದಾಗಿ ಭದ್ರ ಮಾಡಿದ್ದಾರೆ.

ಕಿರಣ್_ದೊಡ್ಡಬಳ್ಳಾಪುರ

ಸಾಯುವ ಹಾಗಿಲ್ಲ ಅನ್ನೋದು?

ಉತ್ತರದಿಕ್ಕು

ಸಾಯಬಾರದು ಅಂತ ಎಲ್ಲಾದರೂ ಕಾನೂನು ಇರುತ್ತಾ ಮಾರಾಯ! ಶವಪೆಟ್ಟಿಗೆ ಹೂಳುವುದನ್ನು 1950ರ ಸುಮಾರಿಗೆ ನಿಲ್ಲಿಸಿದರು, ಅಷ್ಟೇ. ಅಲ್ಲಿ ನೆಲದ ಮೇಲ್ಪದರ ಬೇಸಿಗೆಯಲ್ಲಿ ಕರಗಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಹಾಗೆ ಉಬ್ಬಿ ಉಬ್ಬಿ ಹೂತದ್ದನ್ನೆಲ್ಲ ಮೇಲಕ್ಕೆ ತಳ್ಳುತ್ತದೆ. ಬೂದಿಯನ್ನು ಅನುಮತಿ ಪಡೆದು ಹೂಳಬಹುದು. ಅದೇ ಸ್ಮಶಾನದಲ್ಲಿ 1918ರ ಇನ್‌ಫ್ಲುಯೆಂಜಾದಲ್ಲಿ ಸತ್ತ 7 ಯುವಕರಿದ್ದಾರೆ, ಗಣಿ ಕೆಲಸಕ್ಕೆ ಬಂದವರು. ವೈರಸ್ ಹುಡುಕಲು 1998ರಲ್ಲಿ ವಿಜ್ಞಾನಿಗಳು ಅಗೆದಾಗ ಪೆಟ್ಟಿಗೆಗಳು ಅಂದುಕೊಂಡದ್ದಕ್ಕಿಂತ ಬಹಳ ಮೇಲೆಯೇ ಸಿಕ್ಕವು.

ಹೆರಿಗೆಯೂ ಹಾಗೇ. ನಿಷೇಧ ಏನಿಲ್ಲ, ಸೌಲಭ್ಯ ಇಲ್ಲ. ದಿನ ಹತ್ತಿರ ಬಂದಾಗ ಸುಮಾರು 3 ವಾರ ಮೊದಲೇ ನಮ್ಮ ಟ್ರೊಮ್ಸೊಗೆ ಬರುತ್ತಾರೆ.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಅಭಿಪ್ರಾಯ: ಅದು ಕೆಲಸಕ್ಕೆ ಬಂದು ಹೋಗುವವರ ಊರು. ಜನ ಸರಾಸರಿ ಕೆಲವೇ ವರ್ಷ ಇರುತ್ತಾರೆ. ರೂಮಿನಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟಲು ಅಷ್ಟು ದೂರ, ಅಷ್ಟು ಬಾಡಿಗೆ ಯಾಕೆ? ಊರೂ ಮೊದಲಿನಷ್ಟು ಭದ್ರ ಅಲ್ಲ. 2015ರ ಡಿಸೆಂಬರ್‌ನಲ್ಲಿ ಬೆಟ್ಟದಿಂದ ಹಿಮ ಕುಸಿದು 11 ಮನೆ ಕೊಚ್ಚಿತು, ಇಬ್ಬರು ಸತ್ತರು. ಆಮೇಲೆ ಬೆಟ್ಟದ ಬುಡದ ಎಷ್ಟೋ ಮನೆಗಳನ್ನು ಕೆಡವಿದರು. ಇದ್ದ ಮನೆಗಳೇ ಕಡಿಮೆಯಾದವು.

ಕಿರಣ್_ದೊಡ್ಡಬಳ್ಳಾಪುರ

ಸರಿ ಅಕ್ಕ, ಹಾಗಾದರೆ ಒಂದು ವಾರ ನೋಡಿಕೊಂಡು ಬರುತ್ತೇನೆ. ಯಾವಾಗ ಹೋಗಲಿ?

ಹಕ್ಕಿನೋಟ

ಜೂನ್ ಕೊನೆ, ಜುಲೈ. ಹಕ್ಕಿ, ಹೂವು, ವಾಲ್ರಸ್ ಎಲ್ಲ ಸಿಗುತ್ತದೆ. ದೊಡ್ಡ ಕ್ರೂಸ್ ಹಡಗು ಬೇಡ. 2025ರಿಂದ ರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ.

ಉತ್ತರದಿಕ್ಕು

ನಾನು ಮಾರ್ಚ್ ಕೊನೆ ಅನ್ನುತ್ತೇನೆ. ಬಿಸಿಲೂ ಇರುತ್ತದೆ, ಹಿಮವೂ ಇರುತ್ತದೆ, ರಾತ್ರಿಯೂ ಇರುತ್ತದೆ. ಸ್ನೋಮೊಬೈಲ್‌ನಲ್ಲಿ ಪೂರ್ವ ತೀರದವರೆಗೆ ಹೋಗಬಹುದು.

ರಾಗಿಮುದ್ದೆ_ರಮೇಶ

ಊಟ? ನಮ್ಮ ಕಿರಣ್ ಸಸ್ಯಾಹಾರಿ ಇದ್ದರೆ?

ಉತ್ತರದಿಕ್ಕು

ಸೂಪರ್ ಮಾರ್ಕೆಟ್ ಇದೆ, ಅಕ್ಕಿ ಬೇಳೆ ಸಿಗುತ್ತದೆ. ತರಕಾರಿ ಹಡಗು, ವಿಮಾನದಲ್ಲಿ ಬರುವುದರಿಂದ ದುಬಾರಿ. ಹವಾಮಾನ ಕೆಟ್ಟರೆ ಖಾಲಿ ಕಪಾಟು. ಥಾಯ್ ಊಟ ಚೆನ್ನಾಗಿ ಸಿಗುತ್ತದೆ. ಸಾರಿನ ಪುಡಿ, ಚಟ್ನಿಪುಡಿ ಮನೆಯಿಂದಲೇ ಕಟ್ಟಿಕೊಂಡು ಬನ್ನಿ. ಅಡುಗೆಮನೆ ಇರುವ ಗೆಸ್ಟ್‌ಹೌಸ್ ಬುಕ್ ಮಾಡಿ. ವೀಸಾ ಅರ್ಜಿಯಲ್ಲಿ ಎರಡು ಪ್ರವೇಶ ಅಂತ ಗುರುತು ಹಾಕುವುದು ಮಾತ್ರ ಮರೆಯಬೇಡಿ. ಟ್ರೊಮ್ಸೊದಲ್ಲಿ ಇಳಿದಾಗ ಮೆಸೇಜ್ ಮಾಡಿ, ದಪ್ಪ ಕೈಗವಸು ನನ್ನ ಹತ್ತಿರ ಇದೆ, ಕೊಂಡುಕೊಳ್ಳಬೇಡಿ.